ಬೈಕಿಗೆ ಬಿದ್ದ ಎರಡನೆಯ ಕೈ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವತ್ತು ಅವ್ವ ಉಟ್ಟಿದ್ದು ಹಸಿರು ಇಳಕಲ್ ಸೀರೆ ಎಂದು ನನ್ನ ನೆನಪು. ಅವ್ವ ಅಲ್ಲ ಅನ್ನುತ್ತಾಳೆ. ನಾನು ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಬೇವಿನ ಮರ ಇತ್ತು ಎಂದು ನೆನಪು. ಆಮೇಲೆ ಅದೇ ದಾರಿಯಲ್ಲಿ ಹೋದಾಗ ಮರ ಕಾಣಲಿಲ್ಲ. ಕಡಿದರೋ, ಇರಲೇ ಇಲ್ಲವೋ, ಹೇಳಲಾರೆ. ದಿನಾ ಡೈರಿ ಬರೆಯುವ ಚಟ ನನಗಿದೆ. ಆದರೆ ಅವತ್ತು ರಾತ್ರಿ ನಾನು ಬರೆದದ್ದು ಬೈಕು ಸುರಕ್ಷಿತವಾಗಿ ಬ್ಯಾಡಗಿ ಮುಟ್ಟಿತು ಎಂಬುದನ್ನಷ್ಟೇ. ಉಳಿದದ್ದನ್ನು ಬರೆಯಲು ನಾಚಿಕೆಯಾಗಿತ್ತು. ಹಾಗಾಗಿ ಈಗ ಹೇಳುವುದೆಲ್ಲ ಬರೀ ನೆನಪಿನ ಆಧಾರದ ಮೇಲೆ, ಮತ್ತು ನೆನಪು ಎಂಥ ಸಾಕ್ಷಿ ಎಂಬುದು ನನಗೆ ಗೊತ್ತಿಲ್ಲದ್ದಲ್ಲ.

ಇಂಥ ಅನುಭವ ಹೇಳಿಕೊಳ್ಳುವವರನ್ನು ನಾನು ನಂಬಿದವಳೇ ಅಲ್ಲ. ಧಾರವಾಡದಲ್ಲಿ ಇತಿಹಾಸ ಓದುವಾಗ ನಮಗೆ ಕಲಿಸಿದ ಮೊದಲ ಪಾಠವೇ ಅದು: ಯಾರೇ ಏನೇ ಹೇಳಲಿ, ನೀನು ಸ್ವತಃ ಕಂಡೆಯಾ ಎಂದು ಕೇಳು, ಎಷ್ಟು ಕಾಲದ ಮೇಲೆ ಹೇಳುತ್ತಿದ್ದೀ ಎಂದು ಕೇಳು. ಹಾವೇರಿಯ ಕಾಲೇಜಿನಲ್ಲಿ ಪಾಠ ಮಾಡುವಾಗ ನಾನೂ ಅದನ್ನೇ ಹೇಳಿಕೊಟ್ಟೆ. ನೆಂಟರ ಮನೆಯಲ್ಲಿ ಯಾರಾದರೂ "ಹಿಂದಿನಿಂದ ಯಾರೋ ಕರದಂಗಾತು" ಎಂದು ಶುರು ಮಾಡಿದರೆ ಎದ್ದು ಒಳಗೆ ಹೋಗಿ ಚಹಾಕ್ಕೆ ನೀರು ಇಡುತ್ತಿದ್ದೆ. ಈಗ ನನ್ನ ಕಥೆ ಕೇಳಿ ನೀವೂ ಚಹಾಕ್ಕೆ ನೀರು ಇಟ್ಟರೆ ನನಗೆ ಬೇಸರವಿಲ್ಲ.

ಕೆಲಸ ಬಿಟ್ಟ ಮೇಲೆ ನಾನೊಂದು ಹಳೆಯ ಶಾಲಾ ಮಿನಿಬಸ್ಸು ಕೊಂಡೆ. ಸೀಟು ಕಿತ್ತಿಸಿ ಒಳಗೆ ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟಾಕಿ ಕೂರಿಸಿ, ಕಿಟಕಿಗಳಿಗೆ ಪರದೆ ಹಾಕಿಸಿ ಅದನ್ನು ಮೋಟರ್‌ಹೋಮ್ ಮಾಡಿಸಿದೆ. ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಅದಕ್ಕೆ ಗಾಲಿ ಮನಿ ಎಂದು ಹೆಸರಿಟ್ಟರು. ಮನೆಯಲ್ಲಿ ಆ ಹೆಸರೇ ನಿಂತಿತು.

ಗಾಲಿ ಮನಿಯಲ್ಲಿ ಅವ್ವನನ್ನು ಕೊಚ್ಚಿಗೆ ಕರೆದುಕೊಂಡು ಹೋಗಬೇಕು ಎಂಬುದು ನನ್ನ ಆಸೆ. ಕೊಚ್ಚಿ ಯಾಕೆಂದರೆ, ಅಪ್ಪ ಮತ್ತು ಕಾಕಾ ಸೇರಿ ಒಂದು ಲಾರಿ ಇಟ್ಟುಕೊಂಡು ಬ್ಯಾಡಗಿ ಪ್ಯಾಟಿಯಿಂದ ಮೆಣಸಿನಕಾಯಿ ಹೇರಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಮದುವೆಯಾದಾಗಿನಿಂದ ಅವ್ವ ಆ ಊರಿನ ಹೆಸರು ಕೇಳಿದವಳು, ಊರು ನೋಡಿದವಳಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿವೆ. "ಅರ್ಧಾ ಸಂಸಾರ ಅಲ್ಲೇ ಮಾಡ್ಯಾರ ಅವರು. ಅಂಥಾದ್ದೇನೈತಿ ಅಲ್ಲೆ ಅಂತ ಒಮ್ಮೆ ನೋಡೇ ಬಿಡ್ತೇನಿ" ಎಂದು ಅವ್ವ ಅನ್ನುತ್ತಿದ್ದಳು. ಅವಳಿಗೆ ನೋಡಬೇಕಾಗಿದ್ದು ಕಡಲಲ್ಲ, ಮೆಣಸಿನಕಾಯಿ ಇಳಿಸುತ್ತಿದ್ದ ಓಣಿ. ಆ ಓಣಿಗಳಲ್ಲಿ ನಮ್ಮ ಗಾಡಿ ಹೋಗದು. ಅವ್ವನ ಮೊಣಕಾಲು ನಡೆಯುವಂಥವಲ್ಲ. ಆದ್ದರಿಂದ ನನ್ನ ಬೈಕನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವುದು, ಊರು ಮುಟ್ಟಿದ ಮೇಲೆ ಬೈಕು ಇಳಿಸಿ ಅವ್ವನನ್ನು ಹಿಂದೆ ಕೂರಿಸಿಕೊಳ್ಳುವುದು ಎಂದು ಯೋಚಿಸಿದ್ದೆ.

ಅಡ್ಡಿ ಬಂದದ್ದು ಅಣ್ಣನಿಂದ. ಹಾವೇರಿಯಲ್ಲಿ ಬೀಜದ ಅಂಗಡಿ ನಡೆಸುವ ಅವನು ಯಾವುದನ್ನೂ ಮೊಳೆತು ತೋರಿಸುವ ತನಕ ನಂಬುವುದಿಲ್ಲ.

"ಅಲ್ಲೆ ಆಟೋ ಸಿಗೂದಿಲ್ಲೇನು?" ಎಂದ.

"ಆಟೋದಾಗ ನನಗ ಹೊಟ್ಟಿ ತೊಳಸತೈತಿ" ಎಂದಳು ಅವ್ವ.

"ಹಂಗಾರ ಇಲ್ಲೇ ಕುಂದ್ರು. ಯವ್ವಾ, ಅಷ್ಟು ಭಾರದ ಬೈಕು ಬೆನ್ನಿಗೆ ಕಟಗೊಂಡು ಹೊಂಟರ, ಅದು ಬಿಚ್ಚಿ ಹಿಂದ ಬರೋರ ಮ್ಯಾಲ ಬಿದ್ದರ? ಹಿಂದ ಬರೋರೂ ಯಾರದೋ ಅವ್ವನ ಮಕ್ಕಳ."

ಅವನ ಹೆದರಿಕೆ ನ್ಯಾಯವಾದದ್ದೇ ಆಗಿತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಹಾವೇರಿಯಿಂದ ಹೊರಟು, ಮೋಟೆಬೆನ್ನೂರಿನ ಮೇಲೆ ಹೈವೇ ಹಿಡಿದು ರಾಣೆಬೆನ್ನೂರು, ಅಲ್ಲಿಂದ ಹಳ್ಳಿ ರಸ್ತೆಗೆ ಇಳಿದು ಕದರಮಂಡಲಗಿ, ಆಮೇಲೆ ಬ್ಯಾಡಗಿಯಲ್ಲಿರುವ ಕಾಕಾನ ಅಂಗಡಿ. ಅವ್ವ ಗಾಡಿಯಲ್ಲೇ ಇರಬೇಕು. ಬೈಕು ಒಂದಿಷ್ಟೂ ವಾಲದೆ, ಸಡಿಲಾಗದೆ ಅಂಗಡಿ ಮುಂದೆ ಬಂದು ನಿಂತರೆ ಕೊಚ್ಚಿಗೆ ಹೋಗಬಹುದು. ಇಲ್ಲವಾದರೆ ಅವ್ವ ಹೋಗುವ ಮಾತು ಎತ್ತಬಾರದು. ತೀರ್ಪು ಕಾಕಾನದು. ಹೇರು ಕಟ್ಟುವುದರಲ್ಲಿ ಕಾಕಾನ ಮಾತಿಗೆ ಬ್ಯಾಡಗಿಯಲ್ಲೇ ಯಾರೂ ಎದುರಾಡುವುದಿಲ್ಲ, ಇನ್ನು ನಾವಿಬ್ಬರು ಯಾವ ಲೆಕ್ಕ.

ಒಂದು ತಿಂಗಳು ನಾನು ಅದೇ ಕೆಲಸದಲ್ಲಿ ಮುಳುಗಿದೆ. ರಾಣೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಒಂದು ಶೆಡ್ಡಿನಲ್ಲಿ ಕೂತು ಕಬ್ಬಿಣದ ಸ್ಟ್ಯಾಂಡು ಮಾಡಿಸಿದೆ. ಬಂಪರಿಗೆ ಬೆಸೆದರೆ ಬಂಪರ್ ಸಮೇತ ಕಿತ್ತು ಬರುತ್ತದೆ, ಆದ್ದರಿಂದ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೇ, ಚಾಸಿಗೇ, ಬೋಲ್ಟು ಹಾಕಿಸಿದೆ. ಹಿಂದೆ ಭಾರ ಬಿದ್ದ ಕೂಡಲೇ ಗಾಡಿಯ ಮೂಗು ಮೇಲೆದ್ದು ಸ್ಟೇರಿಂಗು ಹಗುರಾಗುತ್ತದೆ ಎಂಬುದು ಮೊದಲ ಸಲ ಓಡಿಸಿ ನೋಡಿದಾಗಲೇ ಗೊತ್ತಾಯಿತು. ನೀರಿನ ಟಾಕಿಯನ್ನು ಮುಂದಕ್ಕೆ, ಡ್ರೈವರ್ ಸೀಟಿನ ಹಿಂದಕ್ಕೇ ಸರಿಸಿದೆ. ಬೈಕು ಅಡ್ಡಲಾಗಿ ನಿಲ್ಲುತ್ತದೆ, ಅದರ ಮುಂದಿನ ಗಾಲಿ ಒಂದು ಕಬ್ಬಿಣದ ತೊಟ್ಟಿಲಲ್ಲಿ ಕೂರುತ್ತದೆ. ಬೆಲ್ಟುಗಳನ್ನು ಹ್ಯಾಂಡಲಿಗೆ ಬಿಗಿಯದೆ ಅದರ ಕೆಳಗಿನ ಗಟ್ಟಿ ಕಬ್ಬಿಣಕ್ಕೆ ಬಿಗಿಯಬೇಕು. ಬಿಗಿಯುವಾಗ ಮುಂದಿನ ಶಾಕ್‌ಅಬ್ಸಾರ್ಬರು ಅರ್ಧ ಕುಗ್ಗುವಷ್ಟು ಬೈಕನ್ನು ಕೆಳಕ್ಕೆ ಜಗ್ಗಬೇಕು. ನಂಬರ್ ಪ್ಲೇಟು, ಹಿಂದಿನ ದೀಪ ಬೈಕಿನ ಹಿಂದೆ ಮುಚ್ಚಿ ಹೋಗದಂತೆ ಬೇರೆ ಪಟ್ಟಿಯ ಮೇಲೆ ಕೂರಿಸಿದೆ. ಕಲಿಯುತ್ತಾ ಹೋದ ಹಾಗೆ ನನಗೆ ಪರೀಕ್ಷೆಗೆ ಓದುತ್ತಿದ್ದ ದಿನಗಳ ಹುರುಪು ಬಂತು.

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆಯ ವಿಷಯ ಹೇಳಬೇಕು. ಹೇರನ್ನು ಕಟ್ಟಿದವನೇ ಹಗ್ಗ ಜಗ್ಗಿ ನೋಡಬಾರದು. ಕಟ್ಟುವ ಕೈ ಒಂದು, ಜಗ್ಗುವ ಕೈ ಇನ್ನೊಂದು. ಕಟ್ಟಿದವನಿಗೆ ತನ್ನ ಗಂಟಿನ ಮೇಲೆ ಮಮತೆ ಇರುತ್ತದೆ, ಎಲ್ಲಿ ಜಗ್ಗಿದರೆ ಬಿಚ್ಚುವುದಿಲ್ಲವೋ ಅಲ್ಲೇ ಜಗ್ಗುತ್ತಾನೆ ಎಂದು ಕಾಕಾ ಹೇಳುತ್ತಿದ್ದರು. ಮೆಣಸಿನಕಾಯಿ ಚೀಲ ತೂಕಕ್ಕೆ ಹಗುರ, ಗಾತ್ರಕ್ಕೆ ದೊಡ್ಡದು. ಆಳೆತ್ತರದ ಮೇಲೆ ಆಳೆತ್ತರ ಪೇರಿಸಿದ ಲಾರಿಗೆ ಹಗ್ಗವೇ ಜೀವ. ಅಪ್ಪ ಕಟ್ಟುತ್ತಿದ್ದ. ಕಾಕಾ ಸುತ್ತ ಬಂದು ಒಂದೊಂದೇ ಹಗ್ಗ ಜಗ್ಗಿ, ಹಿಂದಿನಿಂದ ಲಾರಿಯ ಬಾಡಿಯ ಮೇಲೆ ಎರಡು ಸಲ ಅಂಗೈಯಿಂದ ಬಡಿಯುತ್ತಿದ್ದರು. ಎರಡು ಬಡಿದರೆ ಹೊರಡು, ಒಂದೇ ಬಡಿದರೆ ನಿಲ್ಲಿಸು. ಬಸ್ಸಿನ ಕಂಡಕ್ಟರರ ಸೀಟಿಯ ಹಾಗೆ. ಆ ಎರಡು ಬಡಿತ ಕೇಳುವ ತನಕ ಅಪ್ಪ, ಮಳೆ ಬರಲಿ, ಪೊಲೀಸರು ಬರಲಿ, ಕೀಲಿಗೆ ಕೈ ಹಚ್ಚುತ್ತಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಬೈಕು ಏರಿಸಿ, ನಾಲ್ಕೂ ಬೆಲ್ಟು ಬಿಗಿದು, ಅಣ್ಣನನ್ನು ಕರೆದೆ.

"ಅಣ್ಣಾ, ಬಾ. ಒಮ್ಮೆ ಜಗ್ಗಿ ನೋಡು."

ಅವನು ಕಟ್ಟೆಯ ಮೇಲಿಂದ ಏಳಲಿಲ್ಲ. "ನಾ ಯಾಕ ಜಗ್ಗಲಿ? ಪರೀಕ್ಷಾ ತಗೊಳ್ಳಾಂವ ಉತ್ತರಾ ಹೇಳಿಕೊಡ್ತಾನೇನು?"

"ಮನಿ ಕಟ್ಟಳಿ ಐತಲ್ಲೋ."

"ಅದು ಲಾರಿಗೆ. ಇದು ಗಾಲಿ ಮನಿ. ಮನಿಗೆ ಯಾಂವ ಹಗ್ಗಾ ಜಗ್ಗತಾನ?"

ಅವ್ವ ಕಿಟಕಿಯ ಪರದೆ ಸರಿಸಿ, "ನನ್ನ ಇಳಸ್ರಿ, ನಾ ಜಗ್ಗತೇನಿ" ಎಂದಳು.

"ನೀ ಇಳಿಯೂದ್ರಾಗ ಕೊಚ್ಚಿ ಕಡಲಾಗ ಮುಳಗಿರತೈತಿ, ಸುಮ್ಕ ಕುಂದ್ರು" ಎಂದ ಅಣ್ಣ.

ನಗುವಿನಲ್ಲಿ ಆ ಮಾತು ಹೋಯಿತು. ನಾನೇ ಸುತ್ತ ಬಂದು ನಾಲ್ಕೂ ಬೆಲ್ಟು ಜಗ್ಗಿದೆ. ಎಲ್ಲವೂ ಕಬ್ಬಿಣದ ಹಾಗೆ ಇದ್ದವು. ಅಣ್ಣ ತಾನು ಮೊದಲೇ ಹೋಗಿ ಕಾಕಾನ ಹತ್ತಿರ ಕೂತಿರುತ್ತೇನೆ ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾವು ಹೊರಟೆವು.

ಹೈವೇಯಲ್ಲಿ ಗಾಡಿ ಹೂವಿನ ಹಾಗೆ ಓಡಿತು. ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಲ್ಲಿಸಿ ಹಿಂದೆ ಹೋಗಿ ನೋಡಿದೆ. ಎಲ್ಲ ಕಟ್ಟಿದ ಹಾಗೇ ಇತ್ತು. ರಾಣೆಬೆನ್ನೂರಿನಲ್ಲಿ ಸ್ಟ್ಯಾಂಡು ಮಾಡಿದ ಶೆಡ್ಡಿನವರು ಹೊರಗೆ ಬಂದು, ತಮ್ಮ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ನಿಂತು ನೋಡಿದರು. ಕದರಮಂಡಲಗಿಯಲ್ಲಿ ಅವ್ವ ಆಂಜನೇಯನಿಗೆ ಕಾಯಿ ಒಡೆಸಿದಳು. ಅಷ್ಟೊತ್ತಿಗೆ ಬಿಸಿಲು ಏರಿತ್ತು. ಅವ್ವ ಹಿಂದಿನ ಮಂಚದ ಮೇಲೆ ಅಡ್ಡಾಗಿ, ಕಣ್ಣಿಗೆ ಬಿಸಿಲು ಹೊಡೆಯುತ್ತದೆಂದು ಹಿಂದಿನ ಕಿಟಕಿಯ ಪರದೆ ಎಳೆದುಕೊಂಡಳು. ಅಲ್ಲಿಗೆ ನನಗೆ ಬೈಕು ಕಾಣುವುದು ನಿಂತಿತು. ಹಿಂದೆ ಕ್ಯಾಮೆರಾ ಹಾಕಿಸುವ ಬುದ್ಧಿ ನನಗೆ ಬಂದದ್ದು ಆಮೇಲೆ.

ಊರು ದಾಟಿದ ಮೇಲೆ ರಸ್ತೆ ಸಣ್ಣದಾಯಿತು. ಸುಗ್ಗಿಯ ದಿನಗಳು, ರಸ್ತೆಯ ಅಂಚಿಗೆ ಅಲ್ಲಲ್ಲಿ ಕೆಂಪಗೆ ಮೆಣಸಿನಕಾಯಿ ಹರವಿದ್ದರು. ಸಾಲಾಗಿ ಹಂಪುಗಳು ಬಂದವು, ಗಾಡಿ ಎದ್ದೆದ್ದು ಕೂರುತ್ತಿತ್ತು. ಬದಿಯ ಕನ್ನಡಿಯಲ್ಲಿ ಹಿಂದೊಂದು ಬೈಕು ಕಾಣಿಸಿತು. ಗಂಡ, ಹೆಂಡತಿ, ನಡುವೆ ಒಂದು ಕೂಸು. ಮುಂದೆ ಹೋಗಲು ಜಾಗ ಸಿಗದೆ ಅವರು ನಮ್ಮ ಬೆನ್ನಿಗೇ ಅಂಟಿಕೊಂಡು ಬರುತ್ತಿದ್ದರು.

ಆಗ ಆ ಸದ್ದು ಬಂತು. ಹಿಂದಿನಿಂದ, ಬಾಡಿಯ ತಗಡಿಗೆ ಅಂಗೈಯಿಂದ ಬಡಿದ ಹಾಗೆ. ಒಂದೇ ಸಲ.

"ಏನು ಬಿತ್ತವ್ವಾ?" ಎಂದೆ.

"ಏನೂ ಬಿದ್ದಿಲ್ಲ. ಹಿಂದ ಬಡದ್ರು ನೋಡು, ನಿಲ್ಲಸು" ಎಂದಳು ಅವ್ವ, ಮಲಗಿದಲ್ಲಿಂದಲೇ.

ನನ್ನ ಕಾಲು ಆಗಲೇ ಬ್ರೇಕಿನ ಮೇಲಿತ್ತು. ಅವ್ವನ ಮಾತಿಗೆ ಒತ್ತಿದೆನೋ, ಸದ್ದಿಗೇ ಒತ್ತಿದೆನೋ ಇವತ್ತಿಗೂ ಹೇಳಲಾರೆ. ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಿದೆ, ಅದು ನೆನಪಿದೆ. ಗಾಡಿ ಬದಿಗೆ ನಿಂತಿತು. ಹಿಂದಿನ ಬೈಕಿನವರು ನಮ್ಮನ್ನು ದಾಟಿ ಮುಂದೆ ಹೋದರು. ನಡುವೆ ಕೂತಿದ್ದ ಕೂಸು ಕತ್ತು ತಿರುಗಿಸಿ ನೋಡುತ್ತಾ ಹೋಯಿತು.

ಇಳಿದು ಹಿಂದೆ ಹೋಗಿ ನೋಡಿದೆ. ಮುಂದಿನ ಗಾಲಿಯ ಎರಡು ಬೆಲ್ಟುಗಳಲ್ಲಿ ಗಾಡಿಯ ಕಡೆಗಿದ್ದ ಒಳಗಿನ ಬೆಲ್ಟಿನ ಕೊಂಡಿ ಸ್ಟ್ಯಾಂಡಿನ ಬಳೆಯಿಂದ ಹೊರಗೆ ಬಂದಿತ್ತು. ಹಂಪಿನ ಮೇಲೆ ಗಾಡಿ ಕುಕ್ಕಿದಾಗ ಬೈಕಿನ ಮೂಗು ಒಂದು ಕ್ಷಣ ಇನ್ನಷ್ಟು ಕುಗ್ಗಿ, ಬೆಲ್ಟು ಸಡಿಲಾಗಿ, ಬಾಯಿ ತೆರೆದ ಕೊಂಡಿ ಜಾರಿಬಿಟ್ಟಿದೆ. ಬೈಕು ಹೊರಕ್ಕೆ, ಹಿಂದೆ ಬರುವವರ ಕಡೆಗೆ ವಾಲಲು ಶುರು ಮಾಡಿತ್ತು. ಅದನ್ನು ಹಿಡಿದದ್ದು ತೊಟ್ಟಿಲು ಮತ್ತು ಹಿಂದಿನ ಗಾಲಿಯ ಬೆಲ್ಟುಗಳು ಮಾತ್ರ. ಮುಂದೆ ಇನ್ನೂ ಹಂಪುಗಳು ಕಾಣುತ್ತಿದ್ದವು. ಆ ಕೂಸಿನ ಮುಖ ಕಣ್ಣ ಮುಂದೆ ಬಂತು.

ಆಮೇಲೆ ಕೆಲಸಕ್ಕೆ ತೊಡಗಿದೆ. ಬೈಕನ್ನು ಹೆಗಲಿನಿಂದ ನೆಟ್ಟಗೆ ಮಾಡಿ, ಮೂಗನ್ನು ಮೈಭಾರ ಹಾಕಿ ಒತ್ತಿ, ಬೆಲ್ಟು ಮತ್ತೆ ಬಿಗಿದೆ. ಈ ಸಲ ಎಲ್ಲ ಕೊಂಡಿಗಳ ಬಾಯಿಗೂ ತಂತಿ ಸುತ್ತಿದೆ, ಜಾರಲು ದಾರಿಯೇ ಇಲ್ಲದಂತೆ. ಬಿಗಿದು ಉಳಿದ ಬೆಲ್ಟಿನ ಬಾಲಗಳನ್ನು ಮಡಚಿ ಕಟ್ಟಿದೆ. ಕಟ್ಟುತ್ತಿರುವಾಗಲೇ ಆ ಸದ್ದಿಗೆ ಕಾರಣ ಹೊಳೆಯಿತು. ಬಿಚ್ಚಿದ ಬೆಲ್ಟಿನ ಬಾಲವೇ ಗಾಳಿಗೆ ಹಾರಿ ತಗಡಿಗೆ ಬಡಿದಿರಬೇಕು. ಇತಿಹಾಸದ ವಿದ್ಯಾರ್ಥಿನಿಗೆ ಸಮಾಧಾನವಾಯಿತು. ಬೆಲ್ಟು ಬಡಿದರೆ ಪಟಪಟನೆ ಬಡಿದುಕೊಳ್ಳುತ್ತಲೇ ಇರಬೇಕಲ್ಲ, ಒಂದೇ ಸಲ ಯಾಕೆ ಎಂಬ ಪ್ರಶ್ನೆಯನ್ನು ನಾನು ಆಗ ಕೇಳಿಕೊಳ್ಳಲಿಲ್ಲ.

ಒಳಗೆ ಬಂದು ಕೂತೆ. ಎಂಜಿನ್ ಬಂದ್ ಇತ್ತು. ಕೀಲಿಗೆ ಕೈ ಹಚ್ಚಿದವಳು ತಡೆದೆ. ಬೆಳಿಗ್ಗೆಯೂ ನಾನೇ ಕಟ್ಟಿ ನಾನೇ ಜಗ್ಗಿದ್ದೆ, ಕೊಂಡಿ ಬಿಚ್ಚಿತು. ಈಗಲೂ ನಾನೇ ಕಟ್ಟಿದ್ದೇನೆ. ಜಗ್ಗಲು ಇನ್ನೊಂದು ಕೈ ಎಲ್ಲಿಂದ ತರಲಿ? ದೂರದ ಹೊಲದಲ್ಲಿ ಕಾಯಿ ಬಿಡಿಸುವ ಹೆಂಗಸರ ತಲೆಗಳು ಕಾಣುತ್ತಿದ್ದವು, ಕೂಗಿದರೂ ಕೇಳದಷ್ಟು ದೂರ. ಅವ್ವನನ್ನೇ ಹೇಗಾದರೂ ಮಾಡಿ ಇಳಿಸಿ, ಒಂದು ಬೆಲ್ಟನ್ನಾದರೂ ಮುಟ್ಟಿಸಿಬಿಡೋಣ ಎಂದು ಅವಳ ಕಡೆ ತಿರುಗಿದೆ.

ಹಿಂದಿನಿಂದ ಎರಡು ಬಡಿತ ಕೇಳಿದವು. ಅವಸರವಿಲ್ಲದೆ, ಒಂದು ಬಡಿದು, ಸ್ವಲ್ಪ ಬಿಟ್ಟು ಇನ್ನೊಂದು.

ನಾನು ಬಾಗಿಲು ತೆರೆದು ಹಿಂದಕ್ಕೆ ಓಡಿದೆ. ಯಾರೂ ಇರಲಿಲ್ಲ. ಗಾಡಿಯ ಸುತ್ತ ಬಂದೆ, ಬಗ್ಗಿ ಕೆಳಗೆ ನೋಡಿದೆ. ರಸ್ತೆ ಎರಡೂ ಕಡೆ ಬಯಲು. ಗಾಳಿ ಇರಲಿಲ್ಲ, ಹರವಿದ ಮೆಣಸಿನಕಾಯಿ ಸಹ ಮಿಸುಕುತ್ತಿರಲಿಲ್ಲ. ಬೆಲ್ಟಿನ ಬಾಲಗಳು ನಾನು ಕಟ್ಟಿದ ಹಾಗೇ ಇದ್ದವು. ತಗಡಿನ ಮೇಲೆ ಕೂತಿದ್ದ ಧೂಳಿನಲ್ಲಿ ಅಂಗೈ ಗುರುತು ಇದೆಯೇ ಎಂದೂ ಹುಡುಕಿದೆ. ಹೀಗೆ ಹುಡುಕುತ್ತಿದ್ದುದಕ್ಕೆ ನನಗೇ ನಾಚಿಕೆಯಾಯಿತು. ಗುರುತು ಇರಲಿಲ್ಲ.

ವಾಪಸು ಬಂದಾಗ ಅವ್ವ ಎದ್ದು ಕೂತಿದ್ದಳು.

"ಹೊಂಡು ಅಂದ್ರಲ್ಲ, ಇನ್ಯಾಕ ನಿಂತಿ?"

"ಯಾರು ಅಂದ್ರವ್ವಾ?"

"ಹಿಂದಿನವ್ರು."

"ಹಿಂದ ಯಾರೂ ಇಲ್ಲ."

"ಯಾರೂ ಇಲ್ಲದ ಬಡೀತಾರೇನು? ನಡಿ ನಡಿ, ಉಂಡು ಬಿಡೋ ಹೊತ್ತಾತು."

ಲಾರಿ ಮನೆಯ ಸೊಸೆಯಾಗಿ ಬಂದ ಅವಳಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. ಈಗ ಕೇಳಿದರೆ, "ಅಂದಿರಬೇಕು, ಯಾರಿಗೆ ನೆನಪೈತಿ" ಎನ್ನುತ್ತಾಳೆ. ಅವಳೇ ಮಂಚದ ಪಕ್ಕದ ತಗಡಿಗೆ ಕೈ ಬಡಿದಿರಬಹುದೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಆ ಎರಡು ಬಡಿತ ಕೇಳಿದಾಗ ನಾನು ಅವಳನ್ನೇ ನೋಡುತ್ತಿದ್ದೆ. ಅವಳ ಎರಡೂ ಕೈ ಎದೆಯ ಮೇಲಿದ್ದವು. ಹಾಗೆಂದು ನನ್ನ ನೆನಪು ಹೇಳುತ್ತದೆ. ಹಸಿರು ಸೀರೆಯನ್ನು ಹೇಳಿದ ಅದೇ ನೆನಪು.

ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಕೀಲಿ ತಿರುಗಿಸಿದೆ. ಆಮೇಲಿನ ದಾರಿಯಲ್ಲಿ ನಾನು ಓಡಿಸಿದ ಹಾಗೆ ಜನ್ಮದಲ್ಲಿ ಗಾಡಿ ಓಡಿಸಿರಲಿಲ್ಲ. ಪ್ರತಿ ಹಂಪನ್ನೂ ತೊಟ್ಟಿಲು ದಾಟಿಸುವ ಹಾಗೆ ದಾಟಿಸಿದೆ. ಬೆನ್ನ ಹಿಂದೆ ಬೈಕು ನೆಟ್ಟಗೆ ನಿಂತಿದೆ ಎಂಬುದು ನೋಡದೆಯೂ ಗೊತ್ತಾಗುತ್ತಿತ್ತು.

ಬ್ಯಾಡಗಿಯಲ್ಲಿ ಅವತ್ತು ಪ್ಯಾಟಿ ದಿನ. ಊರು ಇನ್ನೂ ಕಾಣುವ ಮೊದಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಬಂತು. ಚೀಲ ಹೇರಿದ ಲಾರಿಗಳ ನಡುವೆ, ಪರದೆ ಹಾಕಿದ ಮನೆಯೊಂದು ಬೆನ್ನ ಮೇಲೆ ಬೈಕು ಹೊತ್ತು ಬರುವುದನ್ನು ಕಂಡು ಹಮಾಲರು ಚೀಲ ಹೊತ್ತುಕೊಂಡೇ ನಿಂತರು. ಒಬ್ಬಾತ, "ಏ ದಾರಿ ಬಿಡ್ರೋ, ಯಾರೋ ಮನಿ ಮಾರಾಕ ತಂದಾರ" ಎಂದ. ಕಾಕಾನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಇಳಿದೆ.

ಅಣ್ಣ ಮೊದಲು ಬಂದ. ಕೂತು, ಎದ್ದು, ಬಗ್ಗಿ ನೋಡಿದ. ಬೈಕಿನ ಸೀಟು ಹಿಡಿದು ಅಲುಗಾಡಿಸಿದ. ಬೈಕಿನ ಬದಲು ಗಾಡಿಯೇ ಅಲುಗಿತು. ಗೀರು ಹುಡುಕಿದ, ಸಿಗಲಿಲ್ಲ. ಅವನ ಮುಖ ನೋಡಿ ಹಮಾಲರು ನಗಲು ಶುರು ಮಾಡಿದರು. ಕೊನೆಗೆ ಅವನು ಒಳಗೆ ಕೂತಿದ್ದ ಕಾಕಾನನ್ನು ಕರೆದ.

"ಕಾಕಾ, ನೀವ ಬಂದು ಜಗ್ಗಿ ನೋಡ್ರಿ. ನಿಮ್ಮ ಕೈಗಾದರ ಸುಳ್ಳು ಸಿಗತೈತಿ."

ದಾರಿಯಲ್ಲಿ ಕೊಂಡಿ ಬಿಚ್ಚಿದ್ದನ್ನು ಹೇಳಿಬಿಡಬೇಕು ಎಂದು ನಾನು ನಿರ್ಧರಿಸಿದ್ದೆ. ಅಣ್ಣ ಹೇಳಿದ್ದು 'ಸಡಿಲಾಗದೆ' ಎಂದು. ಬೈಕು ಈಗ ಎಷ್ಟೇ ಗಟ್ಟಿಯಾಗಿ ನಿಂತಿರಲಿ, ಒಮ್ಮೆ ಸಡಿಲಾದದ್ದು ಸಡಿಲಾದದ್ದೇ. ಅವ್ವ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು.

ಕಾಕಾ ಮೆಲ್ಲಗೆ ಬಂದರು. ಕೈ ಹಿಂದಕ್ಕೆ ಕಟ್ಟಿಕೊಂಡೇ ಬೈಕಿನ ಬಳಿ ನಿಂತರು. ಉಳಿದ ಮೂರು ಬೆಲ್ಟುಗಳ ಕಡೆ ನೋಡಲೇ ಇಲ್ಲ. ಕತ್ತು ಬಗ್ಗಿಸಿ, ಬೈಕು ಮತ್ತು ಗಾಡಿಯ ನಡುವಿನ ಇಕ್ಕಟ್ಟಿನಲ್ಲಿದ್ದ ಆ ಒಳಗಿನ ಬೆಲ್ಟನ್ನು ಒಂದು ಗಳಿಗೆ ನೋಡಿದರು. ನಾನು ಬಾಯಿ ತೆರೆದೆ, "ಕಾಕಾ, ಕದರಮಂಡಲಗಿ ದಾಟಿದ ಮ್ಯಾಲ ಇದು..."

ಅವರು ನನ್ನ ಮಾತು ಮುಗಿಸಲು ಬಿಡಲಿಲ್ಲ. ಅಣ್ಣನ ಕಡೆ ತಿರುಗಿ, "ನಾ ಯಾಕ ಜಗ್ಗಲಿ? ಎರಡನೇ ಕೈ ಬಿದ್ದೈತಿ ಇದಕ್ಕ" ಎಂದರು.

"ಯಾರು ಜಗ್ಗ್ಯಾರ? ನಾ ಅಂತೂ ಜಗ್ಗಿಲ್ಲ" ಎಂದ ಅಣ್ಣ.

"ನೀ ಜಗ್ಗಿದ್ದರ ನಾ ಮತ್ತ ಜಗ್ಗತಿದ್ದೆ" ಎಂದರು ಕಾಕಾ. ಸುತ್ತ ನಿಂತವರು ಹೋ ಎಂದು ನಕ್ಕರು. ನಗು ಮುಗಿದ ಮೇಲೆ ಕಾಕಾ ನನಗೆ, "ಹೇರು ಬಿಚ್ಚೂದು ತಪ್ಪಲ್ಲ, ಯವ್ವಾ. ಬಿಚ್ಚಿದ್ದು ಗೊತ್ತಾಗದ ಹೋಗೂದು ತಪ್ಪು. ಮಳಿಗಾಲ ಹಿಡಿಯೂದ್ರಾಗ ನಿಮ್ಮವ್ವನ್ನ ಕರಕೊಂಡು ಹೋಗಿ ಬಾ" ಎಂದರು.

ಬೈಕು ಇಳಿಸಿದೆ. ಹಮಾಲರೇ ನಾಲ್ಕು ಮಂದಿ ಅವ್ವನನ್ನು ಚೀಲ ಇಳಿಸುವುದಕ್ಕಿಂತ ಜೋಪಾನವಾಗಿ ಇಳಿಸಿ ನನ್ನ ಹಿಂದೆ ಕೂರಿಸಿದರು. "ಅಕ್ಕಾರ, ನಾಳಿಂದ ನಮ್ಮ ಲಾರಿಗೂ ನೀವ ಕಟ್ಟಾಕ ಬರ್ರಿ" ಎಂದು ಒಬ್ಬ ಕೂಗಿದ. ಪ್ಯಾಟಿಯ ಉದ್ದಕ್ಕೂ, ಎರಡೂ ಬದಿಯ ಕೆಂಪು ರಾಶಿಗಳ ನಡುವೆ ಅವ್ವನನ್ನು ಕೂರಿಸಿಕೊಂಡು ಒಂದು ಸುತ್ತು ಬಂದೆ. ಅವ್ವ ಘಾಟಿಗೆ ಸೀನುತ್ತಾ, ನಗುತ್ತಾ, ಗುರುತಿನವರು ಕಂಡರೆ ನನ್ನ ಹೆಗಲ ಮೇಲಿನ ಕೈ ತೆಗೆದು ಬೀಸುತ್ತಾ ಕೂತಿದ್ದಳು. ಅಣ್ಣ ಅಂಗಡಿ ಮುಂದೆ ನಿಂತು ಫೋಟೋ ತೆಗೆದ. ಆ ಫೋಟೋ ಈಗ ಅವನ ಬೀಜದ ಅಂಗಡಿಯ ಗೋಡೆಯ ಮೇಲಿದೆ. ಬಂದವರಿಗೆಲ್ಲ, ಇದು ನಮ್ಮ ತಂಗಿ, ನಾನೇ ಪರೀಕ್ಷೆ ಮಾಡಿ ಕಳಿಸಿದ್ದು ಎಂದು ಹೇಳುತ್ತಾನೆ.

ಮಳೆಗಾಲಕ್ಕೆ ಮೊದಲೇ ಕೊಚ್ಚಿಗೆ ಹೋದೆವು. ಬಾಯಿ ಮುಚ್ಚಿಕೊಳ್ಳುವ ಹೊಸ ಕೊಂಡಿಗಳು, ಹಿಂದೆ ಕ್ಯಾಮೆರಾ, ಎಲ್ಲ ಹಾಕಿಸಿಕೊಂಡು. ಘಟ್ಟ ಇಳಿಯುವಾಗಲೂ ಬೈಕು ಮಿಸುಕಲಿಲ್ಲ. ಹೊರಡುವ ಪ್ರತಿ ಬೆಳಿಗ್ಗೆ, ಪೆಟ್ರೋಲ್ ಬಂಕಿನವರನ್ನೋ ಚಹಾದಂಗಡಿಯವರನ್ನೋ ಕರೆದು, ಸನ್ನೆ ಮಾಡಿ ಬೆಲ್ಟು ಜಗ್ಗಿಸುತ್ತಿದ್ದೆ. ಭಾಷೆ ಬಾರದಿದ್ದರೂ ಯಾರೂ ಇಲ್ಲ ಅನ್ನಲಿಲ್ಲ. ಕೊಚ್ಚಿಯ ಆ ಹಳೆಯ ಓಣಿಗಳಲ್ಲಿ, ಒಂದು ಗೋದಾಮಿನ ಮುಂದೆ ಅವ್ವ ಬೈಕು ನಿಲ್ಲಿಸು ಎಂದಳು. ಬಾಗಿಲಲ್ಲಿ ನಮ್ಮೂರಿನದೇ ಘಾಟು. ಮೂಗಿಗೆ ಸೆರಗು ಹಿಡಿದು ಬಹಳ ಹೊತ್ತು ನೋಡಿ, "ಇಷ್ಟ ಏನು? ಇದಕ್ಕ ತಿಂಗಳಗಟ್ಟಲೆ ಮನಿ ಬಿಟ್ಟಿರತಿದ್ರಾ" ಎಂದಳು. ಬೇಸರದಿಂದ ಅಂದದ್ದಲ್ಲ. ಗೆದ್ದವರ ಹಾಗೆ ಅಂದಳು.

ಆ ಮಧ್ಯಾಹ್ನದ ಲೆಕ್ಕ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಅಣ್ಣನನ್ನು ಕೇಳಿದೆ. ತಾನು ಹೋದಾಗಿನಿಂದ ಕಾಕಾ ಕೂತಲ್ಲಿಂದ ಎದ್ದಿರಲಿಲ್ಲ, ಯಾರ ಫೋನೂ ಬಂದಿರಲಿಲ್ಲ ಎನ್ನುತ್ತಾನೆ. ಕಾಕಾ ಕೊಂಡಿಗೆ ಸುತ್ತಿದ ತಂತಿ ನೋಡಿ ನಡೆದದ್ದನ್ನು ಊಹಿಸಿರಬಹುದು. ನಾಲ್ಕೂ ಕೊಂಡಿಗೆ ತಂತಿ ಇದ್ದಾಗ ಅದೊಂದನ್ನೇ ಯಾಕೆ ಬಗ್ಗಿ ನೋಡಿದರು? ನನ್ನನ್ನು ಗೆಲ್ಲಿಸಬೇಕೆಂದು ಆ ಮಾತು ಆಡಿರಬಹುದು. ಆದರೆ ಹೇರಿನ ವಿಷಯದಲ್ಲಿ ಅವರು ಸ್ವಂತ ಅಣ್ಣನಿಗೂ, ಅಂದರೆ ನಮ್ಮಪ್ಪನಿಗೂ, ರಿಯಾಯಿತಿ ತೋರಿಸಿದವರಲ್ಲ. ಇವೆಲ್ಲ ನನ್ನ ತರ್ಕಗಳು. ಒಂದು ಕಟ್ಟಿದರೆ ಇನ್ನೊಂದು ಬಿಚ್ಚುತ್ತದೆ.

ಕಾಕಾನನ್ನೇ ಹಲವು ಸಲ ಕೇಳಿದ್ದೇನೆ. ಒಮ್ಮೆ ಚಹಾ ತರಿಸಿದರು, ಒಮ್ಮೆ ಗಿರಾಕಿ ಬಂದರು ಎಂದು ಎದ್ದರು. ಮೊನ್ನೆ ಬ್ಯಾಡಗಿಗೆ ಹೋದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಈಗ ಅವರಿಗೆ ಕಿವಿ ಸ್ವಲ್ಪ ಮಂದ. ಕೇಳಿಸಲಿಲ್ಲ ಎನ್ನಲು ಆಗದಷ್ಟು ಹತ್ತಿರ ಕೂತು ಕೇಳಿದೆ.

"ಕಾಕಾ, ಅವತ್ತ ಆ ಬೈಕಿಗೆ ಎರಡನೇ ಕೈ ಹಾಕಿದವ್ರು ಯಾರ್ರಿ?"

ಕಾಕಾ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟು, ಅವಸರವಿಲ್ಲದೆ, ಅಂಗೈಯಿಂದ ನೆಲಕ್ಕೆ ಎರಡು ಸಲ ಬಡಿದರು.